ಗ್ರೀಕ್-ರೋಮನ್ ಪುರಾಣಕೋಶ: ಆಯ್ಕೆಯ ವಿವೇಕ

ಇಂಗ್ಲಿಷ್ ಕಾವ್ಯವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಕೆಲವು ಪುಟಗಳು ಸರಿಯುವಷ್ಟರಲ್ಲಿಯೇ ಪರದೇಶದ ದೇವತೆಗಳು ಎದುರಾಗುತ್ತಾರೆ. ಷೇಕ್ಸ್‌ಪಿಯರನ ಪಾತ್ರಗಳು ಜೋವ್ ದೇವನ ಮೇಲೆ ಆಣೆಯಿಡುತ್ತವೆ. ಮಿಲ್ಟನ್ ಕವಿ ಈಡನ್ ವನದ ಚೆಲುವನ್ನು ಬಣ್ಣಿಸುವಾಗ, ಹೂ ಕೊಯ್ಯುತ್ತಿದ್ದಾಗಲೇ ಅಪಹೃತಳಾದ ಪ್ರಾಸರ್ಪಿನಾಳನ್ನು ನೆನೆಯುತ್ತಾನೆ. ಕೀಟ್ಸ್ ಕವಿ ಸೈಕಿಯನ್ನು ಕುರಿತು ಪ್ರಗಾಥವನ್ನೇ ಹಾಡಿದ್ದಾನೆ. ಕಾವ್ಯದ ಮಾತು ಹಾಗಿರಲಿ, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿಯೇ ಜನವರಿಯ ಹೆಸರಿನಲ್ಲಿ ಜೇನಸ್ ದೇವನೂ ಮಾರ್ಚಿಯ ಹೆಸರಿನಲ್ಲಿ ಮಾರ್ಸ್ ದೇವನೂ ನೆಲಸಿದ್ದಾರೆ. ಕನ್ನಡದ ಓದುಗನಿಗೂ ಈ ಪರಿಚಯ ತಪ್ಪಿದ್ದಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದ ಚೌಕಟ್ಟಿನಲ್ಲಿ ಮಹಾಭಾರತದ ವೀರನನ್ನು ನಿಲ್ಲಿಸಿ ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದರು; ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಪಿ. ಲಂಕೇಶರು ಈಡಿಪಸ್ ದೊರೆಯನ್ನು ಕನ್ನಡ ರಂಗಭೂಮಿಗೆ ಕರೆತಂದರು. ಇವನ್ನೆಲ್ಲ ಪಾಠ ಹೇಳುವವರಿಗೂ ಕೇಳುವವರಿಗೂ ಗ್ರೀಕ್ ಮತ್ತು ರೋಮನ್ ಪುರಾಣಗಳ ಒಂದು ಆಕರಗ್ರಂಥ ಬೇಕೇ ಬೇಕು.

ಹೆಸರೊಂದು ತಿಳಿಯದೆ ಹೋದಾಗ ವಿದ್ಯಾರ್ಥಿ ಉಪಾಧ್ಯಾಯರನ್ನು ಕೇಳುತ್ತಾನೆ. ಉಪಾಧ್ಯಾಯರು ಗ್ರಂಥಾಲಯದ ಕಪಾಟನ್ನು ತೆರೆಯುತ್ತಾರೆ. ಅಲ್ಲಿ ಸಾಮಾನ್ಯವಾಗಿ ಈ ವಿಷಯಕ್ಕೆ ಒಂದೇ ಒಂದು ಪುಸ್ತಕವಿರುತ್ತದೆ. ಎಂದೋ ಯಾರೋ ಉದಾರಿಗಳು ಕೊಟ್ಟದ್ದು, ಇಲ್ಲವೆ ವರ್ಷದ ಅನುದಾನ ಮುಗಿಯುವ ಮುನ್ನ ಅವಸರದಲ್ಲಿ ಕೊಂಡದ್ದು. ಆ ಪುಸ್ತಕ ಹೇಳಿದ್ದೇ ಆ ಶಾಲೆಯ ಪಾಲಿಗೆ ಗ್ರೀಕ್ ಪುರಾಣ. ಕಾದಂಬರಿಯೊಂದು ಕೆಟ್ಟದಾಗಿದ್ದರೆ ಓದಿದವನು ಅದನ್ನು ಮರೆಯುತ್ತಾನೆ. ಆಕರಗ್ರಂಥ ಕೆಟ್ಟದಾಗಿದ್ದರೆ ಓದಿದವನು ಅದನ್ನು ಇನ್ನೊಬ್ಬರಿಗೆ ಕಲಿಸುತ್ತಾನೆ. ಆದುದರಿಂದ ಇಂತಹ ಗ್ರಂಥವನ್ನು ಆರಿಸುವುದು ಬೆಲೆಪಟ್ಟಿಯನ್ನು ನೋಡಿ ಮುಗಿಸಿಬಿಡಬಹುದಾದ ಕೆಲಸವಲ್ಲ. ಅದಕ್ಕೆ ಒಂದು ಒರೆಗಲ್ಲು ಬೇಕು.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಗ್ರೀಕರ ಕಥೆಗಳಿಗೆ ಒಬ್ಬ ವ್ಯಾಸನಿಲ್ಲ. ಎಲ್ಲರೂ ತಲೆಬಾಗುವ ಒಂದು ಮೂಲಗ್ರಂಥವೂ ಇಲ್ಲ. ಹೋಮರನು ಹೇಳಿದ್ದನ್ನು ಹೆಸಿಯೊಡ್ ಬೇರೆಯಾಗಿ ಹೇಳುತ್ತಾನೆ. ಅವರಿಬ್ಬರೂ ಹೇಳಿದ್ದನ್ನು ಅಥೆನ್ಸಿನ ನಾಟಕಕಾರರು ತಮ್ಮ ರಂಗಕ್ಕೆ ಬೇಕಾದಂತೆ ತಿರುಗಿಸುತ್ತಾರೆ. ಎಷ್ಟೋ ಶತಮಾನಗಳ ಮೇಲೆ ರೋಮಿನ ಓವಿಡ್ ಕವಿ ಬಂದು ಎಲ್ಲವನ್ನೂ ಹೊಸದಾಗಿ ಕರಗಿಸಿ ಎರಕ ಹೊಯ್ಯುತ್ತಾನೆ. ಹೆಲೆನ್ ಎಂಬ ಸುಂದರಿಯ ಕಥೆಯನ್ನೇ ನೋಡಬಹುದು. ಹೋಮರನ ಕಾವ್ಯದಲ್ಲಿ ಅವಳು ಟ್ರಾಯ್ ಪಟ್ಟಣದಲ್ಲಿದ್ದಾಳೆ, ಅವಳಿಗಾಗಿ ಯುದ್ಧ ನಡೆಯುತ್ತದೆ. ಕ್ರಿ. ಪೂ. ೪೧೨ರಲ್ಲಿ ಪ್ರದರ್ಶಿತವಾದ ಯೂರಿಪಿಡೀಸನ ‘ಹೆಲೆನ್’ ನಾಟಕದಲ್ಲಿಯಾದರೋ ಟ್ರಾಯಿಗೆ ಹೋದದ್ದು ಅವಳ ಛಾಯೆ ಮಾತ್ರ; ನಿಜವಾದ ಹೆಲೆನ್ ಈಜಿಪ್ಟಿನಲ್ಲಿ ನಿಷ್ಕಳಂಕಳಾಗಿ ಉಳಿದಿದ್ದಳು. ಅಧ್ಯಾತ್ಮರಾಮಾಯಣದ ಛಾಯಾಸೀತೆಯನ್ನು ಬಲ್ಲ ಓದುಗನಿಗೆ ಈ ತಿರುವಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಛಾಯೆ ದೇವಿಯ ಪಾವಿತ್ರ್ಯವನ್ನು ಕಾಯಲು ಬಂದಿತು. ಇಲ್ಲಿ ಛಾಯೆಯು ಹತ್ತು ವರ್ಷಗಳ ಯುದ್ಧವನ್ನೇ ಅರ್ಥಹೀನವಾಗಿಸಿಬಿಟ್ಟಿತು.

ಕನ್ನಡದ ಓದುಗನಿಗೆ ಈ ಭೇದ ಹೊಸದಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನಿಗೇ ಪತ್ನಿ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಯಾವನಾದರೂ ವಿದೇಶೀಯನು “ಭಾರತೀಯ ಪುರಾಣದಲ್ಲಿ ರಾವಣನನ್ನು ಕೊಂದವನು ಲಕ್ಷ್ಮಣ” ಎಂದು ಮೂಲವನ್ನು ಹೇಳದೆ ಕೋಶದಲ್ಲಿ ಬರೆದರೆ ಇಲ್ಲಿಯ ವಿದ್ವಾಂಸರು ಏನೆನ್ನುವರು? ಮಾತು ಸುಳ್ಳಲ್ಲ, ಆದರೆ ಯಾರ ಕಾವ್ಯದಲ್ಲಿ ಎಂಬುದನ್ನು ಬಿಟ್ಟದ್ದರಿಂದ ಅದು ಸುಳ್ಳಿಗಿಂತ ಹೆಚ್ಚು ಹಾನಿಯನ್ನು ಮಾಡುತ್ತದೆ. ಗ್ರೀಕ್ ಪುರಾಣಗಳ ಅನೇಕ ಜನಪ್ರಿಯ ಕೋಶಗಳು ಮಾಡುತ್ತ ಬಂದಿರುವುದು ಇದನ್ನೇ.

ಸಂಸ್ಕೃತ ವ್ಯಾಖ್ಯಾನಕಾರರಲ್ಲಿ ಅಗ್ರಗಣ್ಯನಾದ ಮಲ್ಲಿನಾಥಸೂರಿಯು, ಮೂಲವಿಲ್ಲದುದನ್ನು ಬರೆಯುವುದಿಲ್ಲವೆಂದೂ ಅಪೇಕ್ಷಿತವಲ್ಲದುದನ್ನು ಹೇಳುವುದಿಲ್ಲವೆಂದೂ ವ್ರತವನ್ನು ತೊಟ್ಟನು. ಕಾಳಿದಾಸನ ಕಾವ್ಯಗಳನ್ನು ವಿದ್ಯಾರ್ಥಿಗಳಿಗೆ ಬಿಡಿಸಿಕೊಡುವಾಗ ತೊಟ್ಟ ಈ ವ್ರತವೇ ಎಲ್ಲ ಆಕರಗ್ರಂಥಗಳಿಗೂ ಒರೆಗಲ್ಲಾಗಬಲ್ಲುದು. ಗ್ರಂಥವು ಹೇಳುವ ಕಥೆಗೆ ಸಾಕ್ಷಿ ಯಾರು? ಯಾವ ಕವಿ, ಯಾವ ಕೃತಿ, ಎಷ್ಟನೆಯ ಸರ್ಗ? ಇದನ್ನು ಹೇಳುವ ಗ್ರಂಥ ಚಿಕ್ಕದಾದರೂ ಮಾನ್ಯ. ಹೇಳದ ಗ್ರಂಥ ಎಷ್ಟೇ ದೊಡ್ಡದಾಗಿ ಬಣ್ಣದ ಚಿತ್ರಗಳಿಂದ ಕಂಗೊಳಿಸಿದರೂ ಅದು ಕಥೆಯ ಪುಸ್ತಕ, ಆಕರಗ್ರಂಥವಲ್ಲ.

ಈ ಒರೆಗಲ್ಲು ಎಷ್ಟು ಅಗತ್ಯವೆಂಬುದನ್ನು ಮೆಡೂಸಾ ಎಂಬ ಒಂದೇ ಹೆಸರಿನಿಂದ ತೋರಿಸಬಹುದು. ತಲೆಯಲ್ಲಿ ಕೂದಲಿಗೆ ಬದಲಾಗಿ ಸರ್ಪಗಳನ್ನು ಹೊತ್ತು, ನೋಡಿದವರನ್ನು ಕಲ್ಲಾಗಿಸುತ್ತಿದ್ದ ಈ ಗಾರ್ಗನ್ನಳ ತಲೆಯನ್ನು ಪರ್ಸಿಯಸ್ ಎಂಬ ವೀರ ಕಡಿದನೆಂಬುದು ಎಲ್ಲರೂ ಬಲ್ಲ ಕಥೆ. ಆದರೆ ಅವಳು ಏಕೆ ಹಾಗಾದಳು? ಕ್ರಿ. ಪೂ. ೭೦೦ರ ಸುಮಾರಿನ ಹೆಸಿಯೊಡನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಮೂವರು ಗಾರ್ಗನ್ ಸೋದರಿಯರಲ್ಲಿ ಅವಳೊಬ್ಬಳೇ ಮರ್ತ್ಯಳು. ಸಮುದ್ರದೇವನಾದ ಪೊಸೈಡನ್ ವಸಂತದ ಹೂಗಳ ನಡುವೆ ಹುಲ್ಲುಗಾವಲಿನಲ್ಲಿ ಅವಳೊಡನೆ ಕೂಡಿದನೆಂದು ಕವಿ ಹೇಳುತ್ತಾನೆ. ಶಾಪದ ಮಾತಿಲ್ಲ. ಕ್ರಿ. ಶ. ಮೊದಲನೆಯ ಶತಮಾನದ ಆರಂಭದಲ್ಲಿ ಬರೆದ ಓವಿಡನ ‘ರೂಪಾಂತರ’ ಕಾವ್ಯದ ನಾಲ್ಕನೆಯ ಸರ್ಗದಲ್ಲಿ ಅವಳು ಪರಮ ಸುಂದರಿಯಾದ ಕನ್ಯೆ. ನೆಪ್ಚೂನನು ಮಿನರ್ವಾ ದೇವಿಯ ಗುಡಿಯಲ್ಲಿಯೇ ಅವಳ ಮೇಲೆ ಬಲಾತ್ಕಾರವೆಸಗಿದನು. ದೇವಿ ಮುಖ ತಿರುಗಿಸಿಕೊಂಡು, ದಂಡನೆಯನ್ನು ಆ ಕನ್ಯೆಯ ಕೇಶಪಾಶಕ್ಕೆ ವಿಧಿಸಿದಳು. ಅಪೊಲ್ಲೊಡೋರಸನ ಹೆಸರಿನಲ್ಲಿ ನಿಂತಿರುವ ಗ್ರೀಕ್ ಸಂಗ್ರಹದಲ್ಲಿ ಮೂರನೆಯದೊಂದು ಮಾತಿದೆ: ಮೆಡೂಸಾ ರೂಪದಲ್ಲಿ ಅಥೀನಾ ದೇವಿಯೊಡನೆ ಸ್ಪರ್ಧಿಸಲು ಬಯಸಿದಳು, ಅದರಿಂದ ಅವಳ ತಲೆ ಹೋಯಿತೆಂದು ಕೆಲವರು ಹೇಳುತ್ತಾರೆ ಎಂದು.

ಈಗ ಅಮೆರಿಕದ ಥಾಮಸ್ ಬುಲ್ಫಿಂಚ್ ೧೮೫೫ರಲ್ಲಿ ಪ್ರಕಟಿಸಿದ ‘ದಿ ಏಜ್ ಆಫ್ ಫೇಬಲ್’ ಗ್ರಂಥವನ್ನು ತೆರೆಯಬೇಕು. ಇಂಗ್ಲಿಷ್ ಬಲ್ಲ ಲೋಕದಲ್ಲಿ ಇದಕ್ಕಿಂತ ಹೆಚ್ಚು ಕೈಗಳನ್ನು ದಾಟಿದ ಪುರಾಣಪುಸ್ತಕಗಳು ವಿರಳ. ಅಲ್ಲಿ ಮೆಡೂಸಾ ಸುಂದರಿಯಾಗಿದ್ದಳು, ಮಿನರ್ವಾಳೊಡನೆ ಸೌಂದರ್ಯದಲ್ಲಿ ಪೈಪೋಟಿ ಮಾಡಿದಳು, ಆದುದರಿಂದ ದೇವಿ ಅವಳ ಕೂದಲನ್ನು ಹಾವಾಗಿಸಿದಳು ಎಂದಿದೆ. ಕೂದಲು ಹಾವಾದದ್ದು ಓವಿಡನಿಂದ ಬಂದದ್ದು. ಪೈಪೋಟಿ ಅಪೊಲ್ಲೊಡೋರಸನಿಂದ ಬಂದದ್ದು. ಎರಡನ್ನೂ ಒಂದೇ ವಾಕ್ಯದಲ್ಲಿ ಹೊಲಿದು, ಹೊಲಿಗೆಯ ಗುರುತನ್ನು ಅಳಿಸಲಾಗಿದೆ. ಶುದ್ಧ ಅಭಿರುಚಿಗೆ ನೋವಾಗುವುದನ್ನು ಬಿಟ್ಟಿರುವುದಾಗಿ ಬುಲ್ಫಿಂಚ್ ಪೀಠಿಕೆಯಲ್ಲಿಯೇ ಹೇಳಿದ್ದಾನೆ; ಮನೆಮಂದಿಯೆಲ್ಲ ಕುಳಿತು ಓದುವ ಪುಸ್ತಕಕ್ಕೆ ಅದು ಅನುಚಿತವೂ ಅಲ್ಲ. ಆದರೆ ಫಲವನ್ನು ನೋಡಬೇಕು. ಓವಿಡನಲ್ಲಿ ಅನ್ಯಾಯಕ್ಕೆ ತುತ್ತಾದ ಹೆಣ್ಣು ಇಲ್ಲಿ ಅಹಂಕಾರದ ಅಪರಾಧಿಯಾದಳು. ಬಿಟ್ಟದ್ದು ಒಂದು ವಾಕ್ಯ. ಬದಲಾದದ್ದು ಒಂದು ನ್ಯಾಯತೀರ್ಪು. ಕಥೆಗೆ ಸಾಕ್ಷಿಯನ್ನು ಕೇಳದ ಓದುಗನು ಆ ತೀರ್ಪನ್ನೇ ನಂಬಿ, ತರಗತಿಯಲ್ಲಿ “ಗರ್ವ ಕೂಡದು” ಎಂಬ ನೀತಿಗೆ ಅವಳನ್ನು ದೃಷ್ಟಾಂತವಾಗಿ ಬಳಸುತ್ತಾನೆ. ಆಕರಗ್ರಂಥದ ಆಯ್ಕೆಯಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೀಗೆ ಸಾಕ್ಷಿಯಿಲ್ಲದೆ ನಿಂತ ಮಾತುಗಳು ಎಷ್ಟೋ ಇವೆ. ಪ್ಯಾಂಡೊರಾಳ ಪೆಟ್ಟಿಗೆಯೆಂಬುದು ಈಗ ಎಲ್ಲ ಭಾಷೆಗಳ ನಾಣ್ನುಡಿಯಾಗಿದೆ. ಹೆಸಿಯೊಡನಲ್ಲಿ ಪೆಟ್ಟಿಗೆಯೇ ಇಲ್ಲ. ಅವನು ಹೇಳಿದ್ದು ‘ಪಿಥೋಸ್’. ಎಣ್ಣೆ, ಧಾನ್ಯ, ದ್ರಾಕ್ಷಾರಸಗಳನ್ನು ತುಂಬಿಡುವ ಆಳೆತ್ತರದ ಮಣ್ಣಿನ ಗುಡಾಣ. ಹದಿನಾರನೆಯ ಶತಮಾನದಲ್ಲಿ ಎರಾಸ್ಮಸ್ ಪಂಡಿತನು ಈ ಕಥೆಯನ್ನು ಲ್ಯಾಟಿನ್ನಿನಲ್ಲಿ ಹೇಳುವಾಗ ‘ಪಿಕ್ಸಿಸ್’ ಎಂಬ ಪದವನ್ನು ಬಳಸಿದನು. ಅದು ಕೈಯಲ್ಲಿ ಹಿಡಿಯುವ ಮುಚ್ಚಳದ ಕರಡಿಗೆ. ಗುಡಾಣ ಹೋಗಿ ಕರಡಿಗೆ ಬಂದಿತು. ಗಾತ್ರ ಮಾತ್ರ ಕುಗ್ಗಿತೆಂದು ತಿಳಿಯಬಾರದು. ಹೆಸಿಯೊಡನ ‘ಕೃಷಿ ಮತ್ತು ದಿನಗಳು’ ಕಾವ್ಯ ಒಕ್ಕಲುತನದ ಕಾವ್ಯ. ವರ್ಷದ ದವಸವನ್ನು ಕಾಪಾಡುವ ಗುಡಾಣ ರೈತನ ಮನೆಯ ಜೀವಾಳ. ಅಂತಹ ಗುಡಾಣದ ಬಾಯಿ ತೆರೆದು ಕೇಡುಗಳೆಲ್ಲ ಹೊರಬಿದ್ದುವು, ಅದರ ಕಂಠದೊಳಗೆ ಆಸೆಯೊಂದು ಉಳಿಯಿತು ಎಂದಾಗ ಹುಟ್ಟುವ ಅರ್ಥ, ಒಡವೆಯ ಪೆಟ್ಟಿಗೆಯನ್ನು ಕುತೂಹಲದಿಂದ ತೆರೆದಳೆಂದಾಗ ಹುಟ್ಟುವುದಿಲ್ಲ.

ಅಕಿಲೀಸನ ಹಿಮ್ಮಡಿಯ ಕಥೆಯೂ ಹೀಗೆಯೇ. ತಾಯಿಯಾದ ಥೆಟಿಸ್ ಶಿಶುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ಹಿಡಿದ ಹಿಮ್ಮಡಿ ಮಾತ್ರ ನೆನೆಯದೆ ಉಳಿಯಿತು ಎಂಬುದು ಹೋಮರನ ಮಾತಲ್ಲ. ಇಲಿಯಡ್ಡಿನ ಇಪ್ಪತ್ತೊಂದನೆಯ ಸರ್ಗದಲ್ಲಿ ಆಸ್ಟರೊಪೇಯಸ್ ಎಂಬ ವೀರನ ಈಟಿ ತಗುಲಿ ಅಕಿಲೀಸನ ತೋಳಿನಿಂದ ನೆತ್ತರು ಹರಿಯುತ್ತದೆ. ನದಿಯಲ್ಲಿ ಅದ್ದಿದ ಕಥೆ ಉಳಿದು ಬಂದಿರುವ ಸಾಹಿತ್ಯದಲ್ಲಿ ಮೊದಲು ಕಾಣುವುದು ಕ್ರಿ. ಶ. ಮೊದಲನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸನಲ್ಲಿ. ಹೋಮರನ ಅಕಿಲೀಸ್ ಅವಧ್ಯನಲ್ಲ. ಸಾವು ಹತ್ತಿರವಿದೆಯೆಂದು ಬಲ್ಲ, ಗಾಯಗೊಳ್ಳಬಲ್ಲ ಮನುಷ್ಯ. ಅವನ ಶೌರ್ಯದ ಹಿರಿಮೆ ಇರುವುದೇ ಅಲ್ಲಿ. ಈ ವ್ಯತ್ಯಾಸವನ್ನು ತಿಳಿಸದ ಕೋಶ ಓದುಗನ ಕೈಯಿಂದ ಹೋಮರನನ್ನೇ ಕಸಿದುಕೊಂಡಂತೆ.

ಎರಡನೆಯ ಪರೀಕ್ಷೆ ಹೆಸರುಗಳದು. ಸ್ಯೂಸ್ ಎಂದರೆ ಜೂಪಿಟರ್, ಹೀರಾ ಎಂದರೆ ಜೂನೋ, ಏರೀಸ್ ಎಂದರೆ ಮಾರ್ಸ್ ಎಂಬ ಪಟ್ಟಿಯನ್ನು ಕೊಟ್ಟು ಕೈತೊಳೆದುಕೊಳ್ಳುವ ಪುಸ್ತಕಗಳು ಹಲವು. ಸ್ಯೂಸ್ ಮತ್ತು ಜೂಪಿಟರ್ ಎಂಬವು ನಿಜವಾಗಿಯೂ ಒಂದೇ ಬೇರಿನ ಮಾತುಗಳು. ವೇದದ ‘ದ್ಯೌಷ್ಪಿತಾ’ ಎಂಬುದಕ್ಕೂ ಅದೇ ಬೇರು. ಆದರೆ ಹೀರಾ-ಜೂನೋಗಳಿಗೆ ಅಂತಹ ಪದಸಂಬಂಧವಿಲ್ಲ. ಏರೀಸ್ ಮತ್ತು ಮಾರ್ಸರ ಅಂತರವಂತೂ ಇನ್ನೂ ದೊಡ್ಡದು. ಇಲಿಯಡ್ಡಿನಲ್ಲಿ ಏರೀಸನು ಗಾಯಗೊಂಡು ಅಳುತ್ತ ಬಂದಾಗ, ತನಗೆ ದೇವತೆಗಳಲ್ಲೆಲ್ಲ ಅತ್ಯಂತ ದ್ವೇಷ್ಯನು ನೀನೇ ಎಂದು ತಂದೆಯಾದ ಸ್ಯೂಸ್ ಗದರಿಸುತ್ತಾನೆ. ರೋಮಿನಲ್ಲಿಯಾದರೋ ಮಾರ್ಸ್ ದೇವನು ನಗರಸ್ಥಾಪಕನಾದ ರೋಮ್ಯುಲಸನ ತಂದೆ, ರಾಷ್ಟ್ರದ ಪೂಜ್ಯ ರಕ್ಷಕ. ಇನ್ನು ಎರಡು ಮುಖಗಳ ಜೇನಸ್ ದೇವನಿಗೆ ಗ್ರೀಕರಲ್ಲಿ ಸಮಾನನೇ ಇಲ್ಲವೆಂಬುದನ್ನು ಓವಿಡ್ ಕವಿಯೇ ಒಪ್ಪಿದ್ದಾನೆ. ಎರಡು ಜನಾಂಗಗಳ ಶ್ರದ್ಧೆಯನ್ನು ಒಂದೇ ಅಚ್ಚಿನಲ್ಲಿ ಹೊಯ್ದ ಕೋಶ ಎರಡಕ್ಕೂ ಅಪಚಾರ ಮಾಡುತ್ತದೆ. ಈ ಮೋಹ ಭಾರತಕ್ಕೂ ಹಬ್ಬಿದ್ದುಂಟು. ಸರ್ ವಿಲಿಯಂ ಜೋನ್ಸ್ ೧೭೮೪ರಲ್ಲಿ ಗ್ರೀಸ್, ಇಟಲಿ ಮತ್ತು ಭಾರತದ ದೇವತೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಜೇನಸನನ್ನು ಗಣೇಶನೊಡನೆ ಹೋಲಿಸಿದನು. ಕಾರ್ಯಾರಂಭದಲ್ಲಿ ಇಬ್ಬರನ್ನೂ ನೆನೆಯುತ್ತಾರೆಂಬ ಸಾಮ್ಯ ರಮ್ಯವಾದುದು. ಆದರೆ ಸಾಮ್ಯವೇ ಸಂಬಂಧವಲ್ಲ.

ಮೂರನೆಯದು ಅಕಾರಾದಿ ಸೂಚಿ. ‘ಅಶ್ವತ್ಥಾಮನ್’ ನಾಟಕವನ್ನು ಓದುವ ವಿದ್ಯಾರ್ಥಿ ಏಜಾಕ್ಸನನ್ನು ಹುಡುಕುತ್ತಾನೆಂದು ಇಟ್ಟುಕೊಳ್ಳೋಣ. ಟ್ರಾಯ್ ಯುದ್ಧದಲ್ಲಿ ಈ ಹೆಸರಿನವರು ಇಬ್ಬರು. ಟೆಲಮಾನನ ಮಗ ಏಜಾಕ್ಸ್, ಅಕಿಲೀಸನ ಆಯುಧಗಳು ತನಗೆ ದೊರೆಯದೆ ಒಡಿಸ್ಯೂಸನ ಪಾಲಾದುವೆಂಬ ಅವಮಾನದಿಂದ ಕುದಿದನು. ಅಥೀನಾ ದೇವಿ ಕವಿಸಿದ ಭ್ರಾಂತಿಯಲ್ಲಿ ಶತ್ರುಗಳೆಂದು ಬಗೆದು ದನಕುರಿಗಳನ್ನು ಕಡಿದು, ತಿಳಿವು ಮರಳಿದಾಗ ಲಜ್ಜೆಯಿಂದ ಪ್ರಾಣವನ್ನು ನೀಗಿದನು. ಓಯಿಲಿಯಸನ ಮಗ ಏಜಾಕ್ಸ್, ದೇವಿಯ ಗುಡಿಯಲ್ಲಿ ಆಶ್ರಯ ಪಡೆದಿದ್ದ ಕಸಾಂಡ್ರಾಳನ್ನು ಎಳೆದೊಯ್ದ ಪಾಪಿ. ಊರಿಗೆ ಮರಳುವಾಗ ಸಮುದ್ರದ ಪಾಲಾದನು. ಸೊಫೊಕ್ಲೀಸನ ನಾಯಕ ಮೊದಲನೆಯವನು. ಇಬ್ಬರನ್ನೂ ಬೇರ್ಪಡಿಸಿ, ತಂದೆಯ ಹೆಸರಿನೊಡನೆ ನಮೂದಿಸಿ, ವಂಶವೃಕ್ಷವನ್ನು ಕೊಡುವ ಗ್ರಂಥವೇ ಉಪಯುಕ್ತ. ಯೂಲಿಸಿಸ್ ಎಂದು ಹುಡುಕಿದವನನ್ನು ಒಡಿಸ್ಯೂಸನ ಬಳಿಗೆ ಕಳುಹಿಸದ ಸೂಚಿ ಸೂಚಿಯೇ ಅಲ್ಲ.

ಈ ಪರೀಕ್ಷೆಗಳನ್ನು ಹಿಡಿದು ಪ್ರಸಿದ್ಧ ಗ್ರಂಥಗಳನ್ನು ನೋಡಿದರೆ ಅವುಗಳ ಗುಣದೋಷಗಳು ತಾವಾಗಿಯೇ ತೋರುತ್ತವೆ. ಎಲ್ಲಕ್ಕೂ ಹಳೆಯ ಪಂಗಡಕ್ಕೆ ಸೇರಿದ್ದು ಮೇಲೆ ಹೇಳಿದ ಅಪೊಲ್ಲೊಡೋರಸನ ಸಂಗ್ರಹ. ಇದರ ಕರ್ತೃ ಕ್ರಿ. ಪೂ. ಎರಡನೆಯ ಶತಮಾನದ ಅಥೆನ್ಸಿನ ಅಪೊಲ್ಲೊಡೋರಸ್ ಪಂಡಿತನೆಂದು ಹಿಂದೆ ನಂಬಿದ್ದರು. ಕೃತಿಯಲ್ಲಿ ಅವನಿಗಿಂತ ಈಚಿನ ಲೇಖಕನ ಉಲ್ಲೇಖವಿರುವುದರಿಂದ ಆ ನಂಬಿಕೆ ಬಿದ್ದುಹೋಯಿತು. ಆದರೂ ಪ್ರಾಚೀನರೇ ಪ್ರಾಚೀನ ಕಥೆಗಳನ್ನು ಕ್ರಮವಾಗಿ ಜೋಡಿಸಿದ ಕೈಪಿಡಿಯೆಂಬ ಹಿರಿಮೆ ಅದಕ್ಕಿದೆ. ೧೯೨೧ರಲ್ಲಿ ಸರ್ ಜೇಮ್ಸ್ ಫ್ರೇಸರ್ ಎರಡು ಸಂಪುಟಗಳಲ್ಲಿ ಮಾಡಿದ ಇಂಗ್ಲಿಷ್ ಅನುವಾದದ ಅಡಿಟಿಪ್ಪಣಿಗಳಲ್ಲಿ ಪಾಠಾಂತರಗಳ ಸಾಕ್ಷ್ಯ ರಾಶಿಯಾಗಿ ಬಿದ್ದಿದೆ. ಓದಲು ಇನ್ನೂ ಸುಲಭವಾದದ್ದು ರಾಬಿನ್ ಹಾರ್ಡ್ ೧೯೯೭ರಲ್ಲಿ ಪ್ರಕಟಿಸಿದ ಅನುವಾದ.

ಆಧುನಿಕ ಕೋಶಗಳಲ್ಲಿ ಜಾನ್ ಲೆಂಪ್ರಿಯರನ ೧೭೮೮ರ ನಿಘಂಟು ಇತಿಹಾಸದ ದೃಷ್ಟಿಯಿಂದ ಸ್ಮರಣೀಯ. ಗ್ರೀಕ್ ಭಾಷೆಯನ್ನು ಕಲಿಯದ ಕೀಟ್ಸ್ ಕವಿ ಬಾಲ್ಯದಲ್ಲಿ ಅದನ್ನು ಬಾಯಿಪಾಠದಂತೆ ಓದಿಕೊಂಡಿದ್ದನೆಂದು ಅವನ ಮಿತ್ರ ಕ್ಲಾರ್ಕ್ ನೆನೆದಿದ್ದಾನೆ. ಒಂದು ಶಾಲೆಯ ಕಪಾಟಿನ ಕೋಶವೂ ಒಬ್ಬ ಕವಿಯ ಕಲ್ಪನೆಗೆ ಹೇಗೆ ಎಣ್ಣೆಯೆರೆಯಬಲ್ಲುದೆಂಬುದಕ್ಕೆ ಇದು ಸಾಕ್ಷಿ. ವಿಲಿಯಂ ಸ್ಮಿತ್ ೧೮೪೪ರಿಂದ ೧೮೪೯ರವರೆಗೆ ಸಂಪಾದಿಸಿದ ಮೂರು ಸಂಪುಟಗಳ ಚರಿತ್ರ-ಪುರಾಣಕೋಶ ಹಳೆಯದಾದರೂ ಮಾತು ಮಾತಿಗೆ ಮೂಲವನ್ನು ನಮೂದಿಸುವ ಶಿಸ್ತಿನಿಂದ ಇಂದಿಗೂ ಗೌರವಾರ್ಹ. ಗ್ರಂಥ ಹಳತಾಯಿತೆಂಬುದೊಂದೇ ದೋಷವಲ್ಲ. ಸಾಕ್ಷಿ ಹೇಳುವ ಹಳೆಯ ಗ್ರಂಥ, ಹೇಳದ ಹೊಸ ಗ್ರಂಥಕ್ಕಿಂತ ಮೇಲು.

ಎಡಿತ್ ಹ್ಯಾಮಿಲ್ಟನ್ ಅವರ ‘ಮಿಥಾಲಜಿ’ ಪ್ರಕಟವಾದದ್ದು ೧೯೪೨ರಲ್ಲಿ. ಅವರು ಬಾಲ್ಟಿಮೋರ್ ನಗರದ ಬಾಲಿಕಾಶಾಲೆಯೊಂದರಲ್ಲಿ ಬಹುಕಾಲ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಆ ಅನುಭವದ ಹದ ಬರವಣಿಗೆಯಲ್ಲಿ ಕಾಣುತ್ತದೆ. ಕಥೆಗಳ ತಲೆಯಲ್ಲಿ ಅವನ್ನು ಯಾವ ಕವಿಯಿಂದ ತೆಗೆದುಕೊಳ್ಳಲಾಗಿದೆ, ಆ ಕವಿ ಎಂತಹವನು ಎಂದು ನಾಲ್ಕು ಸಾಲುಗಳಲ್ಲಿ ಹೇಳುತ್ತಾರೆ. ಓವಿಡನ ಮೇಲೆ ಅವರಿಗೆ ಆದರ ಕಡಮೆ, ಅದನ್ನು ಮುಚ್ಚಿಡುವುದೂ ಇಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಕಥೆಯ ರಸವನ್ನೂ ಮೂಲದ ಅರಿವನ್ನೂ ಒಟ್ಟಿಗೆ ಉಣಿಸುವ ಪುಸ್ತಕ ಇದು. ಆದರೆ ಎಲ್ಲ ಹೆಸರುಗಳೂ ಎಲ್ಲ ಪಾಠಾಂತರಗಳೂ ಇಲ್ಲಿ ಸಿಕ್ಕಾವೆಂದು ನಿರೀಕ್ಷಿಸಬಾರದು.

ರಾಬರ್ಟ್ ಗ್ರೇವ್ಸ್ ಕವಿ ೧೯೫೫ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ ‘ದಿ ಗ್ರೀಕ್ ಮಿತ್ಸ್’ ವಿಚಿತ್ರವಾದ ಗ್ರಂಥ. ಗದ್ಯ ಮನೋಹರ, ಪ್ರತಿಯೊಂದು ಪ್ರಕರಣಕ್ಕೂ ಆಕರಗಳ ಪಟ್ಟಿ ಇದೆ. ಆದರೆ ಹಲವು ಆಕರಗಳನ್ನು ಒಂದೇ ಕಥೆಯಾಗಿ ನೇಯ್ದಿರುವುದರಿಂದ ಯಾವ ಎಳೆ ಯಾರದೆಂದು ಬಿಡಿಸುವುದು ಕಷ್ಟ. ಅದರ ಬಳಿಕ ಬರುವ ವ್ಯಾಖ್ಯಾನಗಳು ಮಾತೃದೇವತೆ ಮತ್ತು ಬಲಿಯಾಗುವ ರಾಜನೆಂಬ ಅವನ ಸ್ವಂತ ಸಿದ್ಧಾಂತದ ಮೇಲೆ ನಿಂತಿವೆ. ವಿದ್ವಾಂಸರು ಅದನ್ನು ಒಪ್ಪಿಲ್ಲ. ಕವಿಯ ದರ್ಶನವೆಂದು ಓದಿದರೆ ಸೊಗಸು. ಪ್ರಮಾಣವೆಂದು ಉದ್ಧರಿಸಿದರೆ ಅಪಾಯ. ಇದು ಗ್ರೇವ್ಸನೊಬ್ಬನ ಮಾತಲ್ಲ. ಮ್ಯಾಕ್ಸ್ ಮುಲ್ಲರನಿಗೆ ಕಥೆಗಳಲ್ಲೆಲ್ಲ ಸೂರ್ಯನ ಉದಯಾಸ್ತಗಳೇ ಕಂಡುವು. ಫ್ರಾಯ್ಡನಿಗೆ ಈಡಿಪಸನಲ್ಲಿ ಎಲ್ಲ ಮಕ್ಕಳ ಮನಸ್ಸು ಕಂಡಿತು. ಕಾಲಕ್ಕೊಂದು ಅರ್ಥ ಹುಟ್ಟುವುದು ಸಹಜ. ಕಥೆ ಎಲ್ಲಿ ಮುಗಿಯಿತು, ಕೋಶಕಾರನ ಊಹೆ ಎಲ್ಲಿ ಮೊದಲಾಯಿತು ಎಂಬ ಗೆರೆಯನ್ನು ಮಾತ್ರ ಉತ್ತಮ ಗ್ರಂಥ ಸ್ಪಷ್ಟವಾಗಿ ಎಳೆದಿರಬೇಕು.

ಉಪಾಧ್ಯಾಯರ ಮೇಜಿನ ಮೇಲೆ ಇರತಕ್ಕ ಕೋಶವೆಂದರೆ ಫ್ರಾನ್ಸಿನ ಪಿಯೆರ್ ಗ್ರಿಮಾಲ್ ವಿದ್ವಾಂಸರದು. ೧೯೫೧ರಲ್ಲಿ ಫ್ರೆಂಚಿನಲ್ಲಿ ಬಂದ ಇದು ೧೯೮೬ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ಅಕಾರಾದಿಯಾಗಿ ಹೆಸರುಗಳು, ಪಾಠಾಂತರಗಳು, ಆಕರಗಳ ಸೂಚನೆ, ವಂಶವೃಕ್ಷಗಳು ಎಲ್ಲವೂ ಅಲ್ಲಿವೆ. ಇಂತಹ ಗ್ರಂಥಗಳ ಸಂಕ್ಷಿಪ್ತ ಆವೃತ್ತಿಗಳು ಅಗ್ಗವಾಗಿ ದೊರೆಯುತ್ತವೆ. ಕೊಳ್ಳುವ ಮೊದಲು ಆಕರಸೂಚನೆ ಉಳಿದಿದೆಯೆ ಎಂದು ನೋಡಬೇಕು. ಸಂಕ್ಷೇಪಿಸುವವನ ಕತ್ತರಿಗೆ ಮೊದಲು ಸಿಕ್ಕುವುದು ಸಾಮಾನ್ಯವಾಗಿ ಅದೇ. ಕಥೆಗಳನ್ನು ಅಕಾರಾದಿಯಾಗಿ ಅಲ್ಲದೆ ವಂಶ ಮತ್ತು ಪ್ರದೇಶಗಳ ಕ್ರಮದಲ್ಲಿ ಓದಬಯಸುವವರಿಗೆ ಎಚ್. ಜೆ. ರೋಸ್ ೧೯೨೮ರಲ್ಲಿ ಬರೆದ ಕೈಪಿಡಿಯೂ, ಅದನ್ನು ಆಧರಿಸಿ ರಾಬಿನ್ ಹಾರ್ಡ್ ೨೦೦೪ರಲ್ಲಿ ಹೊಸದಾಗಿ ರಚಿಸಿದ ಬೃಹತ್ ಕೈಪಿಡಿಯೂ ಇವೆ. ಒಂದು ಕಥೆಯ ಅತ್ಯಂತ ಹಳೆಯ ರೂಪ ಯಾವುದೆಂದು ಕಾವ್ಯದಿಂದಲೂ ಮಡಕೆಗಳ ಮೇಲಿನ ಚಿತ್ರಗಳಿಂದಲೂ ಪದರ ಪದರವಾಗಿ ತೋರಿಸುವುದು ತಿಮೊಥಿ ಗ್ಯಾಂಟ್ಸ್ ಅವರ ೧೯೯೩ರ ‘ಅರ್ಲಿ ಗ್ರೀಕ್ ಮಿತ್’. ಇದು ಸಂಶೋಧಕನ ಗ್ರಂಥ; ಶಾಲೆಯ ಗ್ರಂಥಾಲಯಕ್ಕಿಂತ ಕಾಲೇಜಿನದಕ್ಕೆ ತಕ್ಕದ್ದು. ಪ್ರಾಚೀನ ಶಿಲ್ಪ-ಚಿತ್ರಗಳಲ್ಲಿ ಈ ದೇವತೆಗಳ ರೂಪವನ್ನು ಸಂಗ್ರಹಿಸಿ ೧೯೮೧ರಿಂದ ೧೯೯೯ರವರೆಗೆ ಹೊರಬಂದ ಮಹಾಕೋಶವಂತೂ ವಿಶ್ವವಿದ್ಯಾನಿಲಯಗಳಿಗೇ ಮೀಸಲು.

ಕನ್ನಡದಲ್ಲಿ ಪಾಠ ಹೇಳುವವರಿಗೆ ಇನ್ನೊಂದು ತೊಡಕಿದೆ. ಹೆಸರುಗಳನ್ನು ಹೇಗೆ ಬರೆಯಬೇಕು? ಇಂಗ್ಲಿಷರು ‘ಸರ್ಸಿ’ ಎಂದು ಉಚ್ಚರಿಸುವ ಮಾಯಾವಿನಿ ಗ್ರೀಕರಿಗೆ ‘ಕಿರ್ಕೆ’. ಪ್ರಾಚೀನ ಗ್ರೀಕಿನಲ್ಲಿ ಮಹಾಪ್ರಾಣಾಕ್ಷರಗಳಿದ್ದುವು. ಇಂಗ್ಲಿಷ್ ನಾಲಗೆಗೆ ಅವು ನಿಲುಕಲಿಲ್ಲ, ಕನ್ನಡ ಅಕ್ಷರಮಾಲೆಯಲ್ಲಿಯಾದರೋ ಖಕಾರ ಥಕಾರಗಳು ಸಿದ್ಧವಾಗಿಯೇ ಇವೆ. ಇಂಗ್ಲಿಷಿನ ‘ಅಕಿಲೀಸ್’ ಗ್ರೀಕಿಗೆ ಹತ್ತಿರವಾಗಿ ‘ಅಖಿಲ್ಲೆಯುಸ್’ ಆಗಬಲ್ಲನು. ರೂಢಿಯನ್ನು ಬಿಡಬೇಕೆಂದಲ್ಲ, ರೂಢಿಯೂ ಒಂದು ಪ್ರಮಾಣವೇ. ಆದರೆ ಮೂಲರೂಪವನ್ನೂ ದೀರ್ಘಹ್ರಸ್ವಗಳನ್ನೂ ಗುರುತಿಸಿಕೊಡುವ ಕೋಶವಿದ್ದರೆ ಕನ್ನಡದ ಬರಹಗಾರನು ತಿಳಿದು ಆರಿಸುತ್ತಾನೆ, ಇಲ್ಲದಿದ್ದರೆ ಇಂಗ್ಲಿಷ್ ಕಾಗುಣಿತದ ಹಿಂದೆ ಕಣ್ಣುಮುಚ್ಚಿ ನಡೆಯುತ್ತಾನೆ.

ಆದುದರಿಂದ ಗ್ರಂಥಾಲಯಕ್ಕೆ ಕೊಳ್ಳುವವರೂ ಕೊಡುವವರೂ ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಪುಸ್ತಕವನ್ನು ಕೈಗೆತ್ತಿಕೊಂಡು ಮೆಡೂಸಾ ಎಂಬ ಹೆಸರನ್ನು ತೆರೆಯಬೇಕು. ಹೆಸಿಯೊಡ್, ಓವಿಡ್, ಅಪೊಲ್ಲೊಡೋರಸ್ ಎಂಬ ಮೂವರ ಮಾತೂ ಬೇರೆ ಬೇರೆಯಾಗಿ, ಹೆಸರಿನೊಡನೆ ಇದೆಯೆ ಎಂದು ನೋಡಬೇಕು. ಪ್ಯಾಂಡೊರಾಳ ಬಳಿ ಗುಡಾಣದ ಮಾತಿದೆಯೆ? ಏಜಾಕ್ಸರು ಇಬ್ಬರಾಗಿದ್ದಾರೆಯೆ? ಯೂಲಿಸಿಸನಿಂದ ಒಡಿಸ್ಯೂಸನಿಗೆ ದಾರಿಯಿದೆಯೆ? ಈ ನಾಲ್ಕು ಪುಟಗಳನ್ನು ತಿರುವಲು ಕಾಲು ಗಂಟೆ ಸಾಕು. ದೊಡ್ಡ ಅಳತೆಯ ಒಂದು ಚಿತ್ರಸಂಪುಟಕ್ಕೆ ಬೀಳುವ ಹಣದಲ್ಲಿ ಮಕ್ಕಳಿಗೆ ಹ್ಯಾಮಿಲ್ಟನ್, ಉಪಾಧ್ಯಾಯರಿಗೆ ಗ್ರಿಮಾಲ್ ಇಲ್ಲವೆ ಹಾರ್ಡ್, ಅವುಗಳ ಪಕ್ಕದಲ್ಲಿ ಹೋಮರ್, ಹೆಸಿಯೊಡ್, ಓವಿಡರ ಸರಳವಾದ ಅನುವಾದಗಳು ಹೀಗೆ ಜೋಡಿಸುವುದು ಹೆಚ್ಚು ಪುಣ್ಯದ ಕೆಲಸ.

ಕೊನೆಯದಾಗಿ ಹೇಳಿದ ಅನುವಾದಗಳು ಅಲಂಕಾರಕ್ಕಲ್ಲ. ಕೋಶವು ಹೊಸ್ತಿಲು, ಮನೆಯಲ್ಲ. ಒಳ್ಳೆಯ ಕೋಶ ತನ್ನಲ್ಲಿಗೆ ಬಂದವನನ್ನು ತನ್ನಲ್ಲಿಯೇ ಕೂರಿಸಿಕೊಳ್ಳುವುದಿಲ್ಲ. ಕವಿಯ ಬಳಿಗೆ ಕಳುಹಿಸಿಕೊಡುತ್ತದೆ. ಮೆಡೂಸಾಳ ಹೆಸರನ್ನು ನೋಡಲು ಬಂದ ವಿದ್ಯಾರ್ಥಿ ಅಲ್ಲಿ “ಓವಿಡ್, ನಾಲ್ಕನೆಯ ಸರ್ಗ” ಎಂಬ ಎರಡು ಮಾತುಗಳನ್ನು ಕಂಡು, ಪಕ್ಕದ ಹಲಗೆಯಿಂದ ಓವಿಡನನ್ನು ಇಳಿಸಿಕೊಂಡು, ಗುಡಿಯಲ್ಲಿ ನಡೆದದ್ದೇನೆಂದು ತಾನೇ ಓದಿ ತಾನೇ ತೀರ್ಮಾನಿಸುವಂತಾದರೆ, ಆ ಕೋಶಕ್ಕೆ ವೆಚ್ಚವಾದ ಪ್ರತಿಯೊಂದು ರೂಪಾಯಿಯೂ ಸಾರ್ಥಕ.